ಅದಿರಿನ ಕೆಂಪು, ಬೈನಾದ ಬೂದು: ವಾಸ್ಕೋದಲ್ಲಿ ಆರು ದಿನ

ಮೊದಲನೆಯ ದಿನ

ರೈಲು ಗದಗ ಬಿಟ್ಟಾಗ ಇನ್ನೂ ಬೆಳಕು ಹರಿದಿರಲಿಲ್ಲ. ಅಣ್ಣಿಗೇರಿ ದಾಟುವ ಹೊತ್ತಿಗೆ ಎರೆಹೊಲಗಳ ಮೇಲೆ ಎಳೆಬಿಸಿಲು ಬಿತ್ತು. ನಮ್ಮ ಕಡೆಯ ಬಿಸಿಲಿಗೆ ಅಂಚು ಇರುತ್ತದೆ; ಬೇವಿನ ಮರದ ನೆರಳು ಎಲ್ಲಿ ಮುಗಿಯಿತು, ಬೆಳಕು ಎಲ್ಲಿ ಶುರುವಾಯಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿರುವ ನಾನು ಮಕ್ಕಳಿಗೆ ನೆರಳು ಬಿಡಿಸುವುದನ್ನು ಹೇಳಿಕೊಟ್ಟಿರುವುದೂ ಈ ಬಿಸಿಲನ್ನು ನಂಬಿಯೇ.

ದಸರೆಯ ರಜೆಯಲ್ಲಿ ನಾನು ಹೊರಟಿದ್ದು ಗೋವೆಯ ವಾಸ್ಕೋಗೆ. ಅಲ್ಲಿ ನೋಡಲು ಹೋಗಬೇಕಾದ್ದು ನನಗೇನೂ ಇರಲಿಲ್ಲ. ನಾನು ಹುಟ್ಟಿದ್ದು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದು ಆ ಊರಿನಲ್ಲಿಯೇ. 1972ರ ಬರಗಾಲದಲ್ಲಿ ರೋಣದ ಕಡೆಯ ಹಳ್ಳಿಯಿಂದ ಕೆಲಸ ಹುಡುಕಿಕೊಂಡು ಹೋದ ಅಪ್ಪ, ಮುರಗಾಂವ್ ಬಂದರಿಗೆ ಕಬ್ಬಿಣದ ಅದಿರು ತರುವ ಬಾರ್ಜು ಎಂಬ ಸರಕುದೋಣಿಗಳ ತಳದಲ್ಲಿ ಉಳಿದುದನ್ನು ಸಲಿಕೆಯಿಂದ ಬಳಿದು ತೆಗೆಯುವ ಕೂಲಿಯಾಗಿ ಮೂವತ್ತು ವರ್ಷ ದುಡಿದರು. ನಾನು ಇಷ್ಟು ವರ್ಷ ಚಿತ್ರ ಬರೆದರೂ ಹುಟ್ಟೂರನ್ನು ಬರೆದಿರಲಿಲ್ಲ. ಗೋವೆಯ ಚಿತ್ರ ಬೇಕೆಂದು ಯಾರಾದರೂ ಕೇಳಿದಾಗಲೆಲ್ಲ ನೀಲಿ ಸಮುದ್ರ, ಬಾಗಿದ ತೆಂಗಿನಮರ, ಬಿಳಿಯ ಇಗರ್ಜಿ ಬರೆದುಕೊಟ್ಟಿದ್ದೆ. ಅವು ಸುಳ್ಳಲ್ಲ, ಆದರೆ ಅವುಗಳಲ್ಲಿ ನಾನು ಬೆಳೆದ ಊರು ಇರಲಿಲ್ಲ. ಈ ಸಲ ಕಣ್ಣಿಗೆ ಬಿದ್ದದ್ದನ್ನೇ ಬರೆಯಬೇಕೆಂದು ಒಂದು ಹಲಗೆ, ಇಪ್ಪತ್ತು ಹಾಳೆ ದಪ್ಪ ಕಾಗದ, ಒಂಬತ್ತು ಟ್ಯೂಬು ಜಲವರ್ಣ ಮತ್ತು ಮೂರು ಕುಂಚಗಳನ್ನು ಕಟ್ಟಿಕೊಂಡಿದ್ದೆ.

ಅಳ್ನಾವರದ ನಂತರ ಮಣ್ಣು ಕೆಂಪಾಯಿತು. ಲೋಂಡಾದ ನಂತರ ಕಾಡು ಕಿಟಕಿಯವರೆಗೆ ಬಂತು. ಕ್ಯಾಸಲ್‌ರಾಕ್‌ನಿಂದ ಕುಳೆಗೆ ಇಳಿಯುವ ಘಟ್ಟದ ದಾರಿ ಇಪ್ಪತ್ತಾರು ಕಿಲೋಮೀಟರ್. ಮುರಗಾಂವ್ ಬಂದರಿನಿಂದ ಕ್ಯಾಸಲ್‌ರಾಕ್‌ವರೆಗೆ ಪೋರ್ಚುಗೀಸರ ಕಾಲದಲ್ಲಿ, 1888ರಲ್ಲಿ, ರೈಲು ಓಡಿಸಲು ಕಡಿದ ದಾರಿಯಿದು. ಮಳೆಗಾಲ ಹಿಂದೆ ಸರಿಯುತ್ತಿದ್ದ ದಿನಗಳಾದ್ದರಿಂದ ದೂಧಸಾಗರ ತುಂಬಿ ಬೀಳುತ್ತಿತ್ತು. ಎಲ್ಲರೂ ಮೊಬೈಲ್ ಹಿಡಿದು ಬಾಗಿಲಿಗೆ ಹೋದರು. ನನ್ನ ಗಮನ ಸೆಳೆದದ್ದು ಜಲಪಾತವಲ್ಲ, ಅದು ದಾಟಿದ ಮೇಲೆ ಬದಲಾದ ಗಾಳಿ. ಸುರಂಗಗಳಿಂದ ಹೊರಬಂದಂತೆಲ್ಲ ನೆರಳುಗಳ ಅಂಚು ಕರಗುತ್ತಾ ಹೋಯಿತು. ಗಾಳಿಯಲ್ಲಿ ನೀರಿನ ಅಂಶ ಹೆಚ್ಚಿದಷ್ಟೂ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತದೆ, ನೆರಳಿನೊಳಗೂ ಹೊಕ್ಕು ಅದನ್ನು ತಿಳಿಯಾಗಿಸುತ್ತದೆ. ದೂರದ ಗುಡ್ಡ ಬರಬರುತ್ತಾ ಆಕಾಶದ ಬಣ್ಣಕ್ಕೇ ತಿರುಗಿ, ಕೊನೆಗೆ ಗುಡ್ಡ ಯಾವುದು ಮೋಡ ಯಾವುದು ಎಂದು ಹೇಳುವುದು ಕಷ್ಟವಾಗುತ್ತದೆ.

ವಾಸ್ಕೋ ನಿಲ್ದಾಣಕ್ಕೆ ಅಕ್ಕನ ಮಗಳು ಬಂದಿದ್ದಳು. ಅಕ್ಕ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ; ಮನೆಯ ಬಾಗಿಲಲ್ಲೇ ರೊಟ್ಟಿಯ ಸುಟ್ಟ ವಾಸನೆ ಎದುರಾಯಿತು. "ಮೊದ್ಲ ಕೈಕಾಲ್ ತೊಳ್ಕೊಂಡು ಉಣ್ಣು ತಂಗಿ, ನಿನ್ನ ಬಣ್ಣ ಎಲ್ಲಿ ಓಡಿ ಹೋಗೂದಿಲ್ಲ" ಎಂದಳು. ಆದರೆ ಆ ಸಂಜೆಯ ಬಣ್ಣ ಓಡಿಯೇ ಹೋಯಿತು. ಊಟ ಮುಗಿಸಿ ಮಾತಾಡಿ ಏಳುವಷ್ಟರಲ್ಲಿ ಕತ್ತಲಾಗಿತ್ತು.

ಎರಡನೆಯ ದಿನ

ಬೆಳಿಗ್ಗೆ ಆರಕ್ಕೆ ಬೈನಾ ದಂಡೆಗೆ ಹೋದೆ. ನಾವು ಇದ್ದ ಗುಡಿಸಲು ಈ ಮರಳಿನ ಮೇಲೆಯೇ ಇತ್ತು. ಆ ಸಾಲು ಈಗಿಲ್ಲ. ದಂಡೆಯ ಹಿಂದೆ ಬಂದರಿಗೆ ಹೋಗುವ ಎತ್ತರದ ರಸ್ತೆ ಬಂದಿದೆ, ರವೀಂದ್ರ ಭವನ ಎದ್ದಿದೆ. ನಮ್ಮ ಮನೆ ಎಲ್ಲಿತ್ತೆಂಬುದನ್ನು ನೆನಪಿಸಿಕೊಳ್ಳಲು ನನಗೆ ಉಳಿದಿರುವ ಗುರುತು ಎಂದರೆ ದಂಡೆಯ ಉತ್ತರ ತುದಿಯ ಬಂಡೆಗಳು ಮಾತ್ರ. ಅವುಗಳಿಂದ ಅಂದಾಜು ಹಾಕಿ ಒಂದು ಜಾಗದಲ್ಲಿ ಕುಳಿತೆ. ದಿನವಿಡೀ ಅದೇ ಜಾಗದಿಂದ ಅದೇ ನೋಟವನ್ನು ಬರೆಯುವುದು ನನ್ನ ಉದ್ದೇಶವಾಗಿತ್ತು.

ಪಶ್ಚಿಮಕ್ಕೆ ಮುಖಮಾಡಿದ ದಂಡೆಯಲ್ಲಿ ಬೆಳಗು ಹೇಗೆ ಆಗುತ್ತದೆ ಎಂಬುದನ್ನು ಹದಿನಾರು ವರ್ಷ ಅಲ್ಲಿ ಬದುಕಿದ್ದರೂ ನಾನು ಸರಿಯಾಗಿ ನೋಡಿರಲಿಲ್ಲ. ಸೂರ್ಯ ನಮ್ಮ ಬೆನ್ನ ಹಿಂದೆ, ಊರಿನ ಗುಡ್ಡದ ಆಚೆ ಹುಟ್ಟುತ್ತಾನೆ. ಗುಡ್ಡದ ನೆರಳು ಮರಳನ್ನೂ ದಾಟಿ ಸಮುದ್ರದ ಮೇಲೆ ದೂರದವರೆಗೆ ಚಾಚಿರುತ್ತದೆ. ಹಾಗಾಗಿ ಮೊದಲ ಬಿಸಿಲು ಬೀಳುವುದು ದಂಡೆಯ ಮೇಲಲ್ಲ, ಆಚೆ ಲಂಗರು ಹಾಕಿ ನಿಂತ ಹಡಗಿನ ಮೇಲೆ. ಸುತ್ತಲಿನ ನೀರೆಲ್ಲ ಇನ್ನೂ ಸೀಸದ ಬಣ್ಣದಲ್ಲಿರುವಾಗ ಆ ಹಡಗೊಂದು ಕಿತ್ತಳೆಯಾಗಿ ಹೊತ್ತಿಕೊಂಡಿತು. ಆಮೇಲೆ ಬೆಳಕಿನ ಗೆರೆ ನೀರಿನ ಮೇಲೆ ನಿಧಾನವಾಗಿ ನಮ್ಮತ್ತ ಸರಿಯುತ್ತಾ ಬಂತು. ಅದು ನನ್ನ ಕಾಲಿನವರೆಗೆ ಬರಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಅಪ್ಪ ಕೆಲಸಕ್ಕೆ ಹೊರಡುತ್ತಿದ್ದುದು ಆ ನೆರಳಿನೊಳಗೆ ಎಂಬುದು ಕುಂಚ ಕೈಯಲ್ಲಿದ್ದಾಗ ಹೊಳೆಯಿತು.

ಮೊದಲ ಹಾಳೆ ಕೆಟ್ಟಿತು. ಗದಗಿನಲ್ಲಿ ಆಕಾಶಕ್ಕೆ ಒಂದು ತೆಳು ಬಣ್ಣ ಎಳೆದರೆ ಐದು ನಿಮಿಷದಲ್ಲಿ ಒಣಗಿ ಮೇಲೆ ಇನ್ನೊಂದು ಪದರಕ್ಕೆ ಸಿದ್ಧವಾಗುತ್ತದೆ. ಇಲ್ಲಿ ಅರ್ಧ ಗಂಟೆ ಕಳೆದರೂ ಹಾಳೆ ತಣ್ಣಗೆ, ತೇವವಾಗಿಯೇ ಇತ್ತು. ಒಣಗಿತೆಂದು ತಿಳಿದು ಹಡಗನ್ನು ಬರೆದೆ. ಅದು ಆಕಾಶದೊಳಗೆ ಹಬ್ಬಿಕೊಂಡು ಹೂಕೋಸಿನ ಆಕಾರದ ಕಲೆಯಾಯಿತು. ಎರಡನೆಯ ಹಾಳೆಯಿಂದ ಕ್ರಮ ಬದಲಿಸಿದೆ. ಒಣಗಲು ಕಾಯುವ ಬದಲು, ಒದ್ದೆ ಹಾಳೆಯ ಮೇಲೆಯೇ ಬಣ್ಣ ಬಿಟ್ಟು, ಅದು ಎಷ್ಟು ಹರಿಯಬೇಕೋ ಅಷ್ಟು ಹರಿಯಲು ಬಿಟ್ಟು, ಕುಂಚದಲ್ಲಿ ನೀರು ಕಡಿಮೆ ಮಾಡುತ್ತಾ ಹೋದೆ. ಈ ಊರಿನ ಗಾಳಿ ದೂರದ ವಸ್ತುಗಳಿಗೆ ಮಾಡುವುದೂ ಇದನ್ನೇ ಅಲ್ಲವೇ? ಇಲ್ಲಿ ಯಾವುದಕ್ಕೂ ಗಟ್ಟಿ ಅಂಚಿಲ್ಲ. ಗದಗಿನಲ್ಲಿ ಕಲಿತ ಕೈಯನ್ನು ಅರ್ಧ ದಿನದ ಮಟ್ಟಿಗಾದರೂ ಮರೆಯಬೇಕಾಯಿತು.

ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಎಲ್ಲ ಚಪ್ಪಟೆಯಾಯಿತು. ಅಕ್ಕನ ಮಗಳು ಬುತ್ತಿ ತಂದವಳು ನನ್ನ ಹಾಳೆಗಳನ್ನು ನೋಡಿ ಕೇಳಿದಳು: "ಚಿಗವ್ವ, ಸಮುದ್ರಕ್ಕ ನೀಲಿ ಹಚ್ಚೂದಿಲ್ಲೇನು?" ನಾನು ಅವಳಿಗೆ ನೀರನ್ನೇ ತೋರಿಸಿದೆ. ಆಳವಾದ ಕಡಲು ನೀಲಿಯಾಗಿ ಕಾಣುವುದಕ್ಕೆ ಆಕಾಶದ ಪ್ರತಿಬಿಂಬವೊಂದೇ ಕಾರಣವಲ್ಲ, ನೀರೂ ಬೆಳಕನ್ನು ಚದುರಿಸುತ್ತದೆ ಎಂದು ಸಿ.ವಿ. ರಾಮನ್ 1921ರ ಹಡಗಿನ ಪ್ರಯಾಣದ ನಂತರ ವಿವರಿಸಿದರು. ಆದರೆ ಅದು ಆಳದ, ಶುಭ್ರವಾದ ನೀರಿನ ಮಾತು. ಬೈನಾದ ನೀರು ಬೇರೆ. ಮಳೆಗಾಲವಿಡೀ ಜುವಾರಿ ಹೊಳೆ ಒಳನಾಡಿನ ಕೆಮ್ಮಣ್ಣನ್ನು ತಂದು ಕಡಲಿಗೆ ಸುರಿಯುತ್ತದೆ. ಅಕ್ಟೋಬರ್ ಆರಂಭದಲ್ಲಿಯೂ ದಂಡೆಯ ಹತ್ತಿರದ ನೀರು ಚಹಾದ ಬಣ್ಣ, ಸ್ವಲ್ಪ ಆಚೆ ಪಾಚಿಯ ಹಸಿರು, ಇನ್ನೂ ಆಚೆ ಬೂದು. ನೀಲಿ ಇದ್ದರೆ ದಿಗಂತದ ಹತ್ತಿರ ಒಂದು ಎಳೆಯಷ್ಟು. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಬೂದು ಬರುತ್ತದೆ; ನೀಲಿ ಹೆಚ್ಚಾದರೆ ಮೋಡದ ಬೂದು, ಕಂದು ಹೆಚ್ಚಾದರೆ ಒದ್ದೆ ಮರಳಿನ ಬೂದು. ಅವಳಿಗೆ ಇವೆರಡೇ ಬಣ್ಣದಿಂದ ಏಳು ಬಗೆಯ ಬೂದು ಮಾಡಿ ತೋರಿಸಿದೆ. ಅವಳು ನೀರನ್ನೂ ಹಾಳೆಯನ್ನೂ ಬಹಳ ಹೊತ್ತು ಹೋಲಿಸಿ ನೋಡಿದಳು.

ಸಂಜೆ ಇಳಿತ. ನೀರು ಹಿಂದೆ ಸರಿದು ಒದ್ದೆ ಮರಳು ಕನ್ನಡಿಯಾಯಿತು. ಮೋಡದ ಅಂಚಿನ ಗುಲಾಬಿ ಮೊದಲು ಮರಳಿನಲ್ಲಿ ಕಂಡಿತು, ಆಮೇಲೆ ತಲೆಯೆತ್ತಿ ಆಕಾಶದಲ್ಲಿ ನೋಡಿದೆ. ಆರೂಕಾಲರ ಸುಮಾರಿಗೆ ಸೂರ್ಯ ಮುಳುಗಿದ. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆ ಬಹಳ ಹೊತ್ತು ನಿಲ್ಲುವುದಿಲ್ಲ, ಇಪ್ಪತ್ತು ನಿಮಿಷದಲ್ಲಿ ಬಣ್ಣದ ತಟ್ಟೆಯಲ್ಲಿ ಕೆಂಪು ಯಾವುದು ಕಂದು ಯಾವುದು ತಿಳಿಯದಾಯಿತು. ಉಳಿದದ್ದನ್ನು ನಾಳೆ ಇದೇ ಹೊತ್ತಿಗೆ ಬಂದು ಮುಗಿಸೋಣವೆಂದು ಹೊರಟಾಗ, ಬಲೆ ಮಡಿಸುತ್ತಿದ್ದ ಮುದುಕರೊಬ್ಬರು ಕೊಂಕಣಿಯಲ್ಲಿ ಹೇಳಿದರು, ನಾಳೆ ಈ ಹೊತ್ತಿಗೆ ನೀರು ಇಷ್ಟು ಇಳಿದಿರುವುದಿಲ್ಲ ಎಂದು. ಅವರು ಹೇಳಿದ ಮೇಲೆ ನೆನಪಾಯಿತು. ಭರತ ಇಳಿತಗಳು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತವೆ. ಸೂರ್ಯ ಮಾತ್ರ ತನ್ನ ವೇಳೆಗೆ ಮುಳುಗುತ್ತಾನೆ. ಇದೇ ಬೆಳಕೂ ಇದೇ ಇಳಿತವೂ ಮತ್ತೆ ಒಟ್ಟಿಗೆ ಬರಬೇಕಾದರೆ ಹದಿನೈದು ದಿನ ಕಾಯಬೇಕು, ಅಷ್ಟರೊಳಗೆ ಮೋಡ ಇರುವುದಿಲ್ಲ. ಆ ಚಿತ್ರವನ್ನು ಅರ್ಧಕ್ಕೇ ಬಿಟ್ಟಿದ್ದೇನೆ.

ಮೂರನೆಯ ದಿನ

ರಾತ್ರಿಯಿಂದಲೇ ಮಳೆ. ಅಕ್ಕನ ಗಂಡ, ನಾನು ಚಿಕ್ಕಂದಿನಿಂದ ಮಾಮಾ ಎಂದೇ ಕರೆಯುವವರು, ಬಡಗಿ. ಹಳೆಯ ಮನೆಗಳ ಬಾಗಿಲು ಕಿಟಕಿಗಳ ದುರಸ್ತಿ ಅವರ ಕೆಲಸ. "ಮನ್ಯಾಗ ಕುಂತು ಏನ್ ಮಾಡ್ತಿ, ನನ್ನ ಕೂಡ ಬಾ, ನಿನಗ ಬೇಕಾದ್ದು ಒಂದು ತೋರಸ್ತೀನಿ" ಎಂದು ಚಿಖಲಿಯ ಹಳೆಯ ಮನೆಯೊಂದಕ್ಕೆ ಕರೆದೊಯ್ದರು. ಅಲ್ಲಿಯ ಕಿಟಕಿಗಳಿಗೆ ಗಾಜಿರಲಿಲ್ಲ. ಮರದ ಪಟ್ಟಿಗಳ ನಡುವೆ ಅಂಗೈಗಿಂತ ಚಿಕ್ಕದಾದ, ಚೌಕವಾಗಿ ಕತ್ತರಿಸಿದ ಕಡಲಚಿಪ್ಪುಗಳನ್ನು ಸಾಲಾಗಿ ಕೂರಿಸಿದ್ದರು. ಗಾಜು ದುರ್ಲಭವಾಗಿದ್ದ ಕಾಲದಲ್ಲಿ ಗೋವೆಯ ಮನೆಗಳಿಗೆ ಇಂಥ ಕಿಟಕಿಗಳೇ ಇದ್ದವು. ಆ ಚಿಪ್ಪಿನ ಜೀವಿ ಚಿಖಲಿಯ ಹಿನ್ನೀರಿನ ಕೆಸರಿನಲ್ಲಿ ಇಂದಿಗೂ ಇದೆ.

ಹೊರಗೆ ಮಳೆ ಕಪ್ಪುಗಟ್ಟಿದ್ದರೂ ಆ ಕೋಣೆಯೊಳಗೆ ಹಾಲುಬಣ್ಣದ ಬೆಳಕಿತ್ತು. ಚಿಪ್ಪು ಬೆಳಕನ್ನು ನೇರವಾಗಿ ಬಿಡುವುದಿಲ್ಲ. ಅದರ ಪದರಗಳಲ್ಲಿ ಒಡೆದು, ಮೆತ್ತಗಾಗಿಸಿ ಒಳಗೆ ಕಳಿಸುತ್ತದೆ. ಗೋಡೆಯ ಮೇಲೆ ಕುರ್ಚಿಯ ನೆರಳೇ ಬಿದ್ದಿರಲಿಲ್ಲ. ಮೋಡ ದಟ್ಟವಾದಾಗ ಚಿಪ್ಪು ನೀಲಿಗೆ ತಿರುಗುತ್ತಿತ್ತು, ತೆಳುವಾದಾಗ ಕೆನೆಬಣ್ಣಕ್ಕೆ ಮರಳುತ್ತಿತ್ತು. ಮಾಮಾ ಒಡೆದ ಚಿಪ್ಪುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರೆ ನಾನು ನೆಲದ ಮೇಲೆ ಕುಳಿತು ಆ ಕಿಟಕಿಯನ್ನು ಬರೆದೆ. ಇಲ್ಲಿ ಬಿಳಿಯ ಬಣ್ಣ ಮುಟ್ಟಲಿಲ್ಲ. ಚಿಪ್ಪಿನ ಬೆಳಕಿಗೆ ಹಾಳೆಯ ಬಿಳುಪನ್ನೇ ಉಳಿಸಿಕೊಂಡು, ಸುತ್ತಲಿನ ಮರವನ್ನು ಮಾತ್ರ ಕಪ್ಪಾಗಿಸಿದೆ. ಆರು ದಿನಗಳಲ್ಲಿ ಮಾಡಿದ ಚಿತ್ರಗಳಲ್ಲಿ ಕೈ ನಡುಗದೆ ಮುಗಿದದ್ದು ಇದೊಂದೇ. ಒಡೆದ ಚಿಪ್ಪಿನ ಚೂರೊಂದನ್ನು ಮಾಮಾ ಮನೆಯವರನ್ನು ಕೇಳಿ ನನಗೆ ಕೊಡಿಸಿದರು.

ನಾಲ್ಕನೆಯ ದಿನ

ಪಣಜಿಗೆ ಹೋಗಿ ಕಾಗದ ತಂದೆ. ಹೊಸ ಜುವಾರಿ ಸೇತುವೆಯ ಮೇಲಿನಿಂದ ಹೊಳೆಯ ಎರಡೂ ದಡ ಒಂದು ನಿಮಿಷ ಕಾಣುತ್ತವೆ. ನಿಂತು ಬರೆಯಲು ಆಗುವುದಿಲ್ಲ. ಬಸ್ಸಿನಲ್ಲಿ ಕುಳಿತಾಗ ಕಲಾಶಾಲೆಯಲ್ಲಿ ನನ್ನ ಗುರುಗಳು ಚಿತ್ರಕಾರ ಕೆ.ಕೆ. ಹೆಬ್ಬಾರರ ಬಗ್ಗೆ ಹೇಳುತ್ತಿದ್ದುದು ನೆನಪಾಯಿತು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆನಿಂತ ಅವರು ಊರನ್ನು ಬಿಟ್ಟಿದ್ದರೂ ಊರಿನ ಜನರ ದುಡಿಮೆ, ಆಟ, ಹಬ್ಬಗಳನ್ನು ಗೆರೆಯಲ್ಲಿ ಬಿಡಲಿಲ್ಲ. ಗೋವೆಯ ಸಾಂಗೆಯಲ್ಲಿ 1870ರಲ್ಲಿ ಹುಟ್ಟಿದ ಆಂತೋನಿಯೊ ಶಾವಿಯೆರ್ ತ್ರಿಂದಾದ್ ಅವರೂ ಮುಂಬಯಿಗೇ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿಸಿದವರು. ಇಬ್ಬರೂ ಕರಾವಳಿಯಿಂದ ಮುಂಬಯಿಗೆ ಹೋದರು. ನಮ್ಮದು ತಿರುಗುಮುರುಗು ಪ್ರಯಾಣ: ಅಪ್ಪ ಬಯಲಿನಿಂದ ಕರಾವಳಿಗೆ ಬಂದರು, ನಾನು ಕರಾವಳಿಯಿಂದ ಬಯಲಿಗೆ ಹೋದೆ.

ಐದನೆಯ ದಿನ

ಮಳೆ ಬಿಟ್ಟಿತ್ತು. ಅಕ್ಕನ ಮಗಳನ್ನು ಕರೆದುಕೊಂಡು ಸಡಾ ಗುಡ್ಡ ಹತ್ತಿದೆ. ಪೋರ್ಚುಗೀಸರು 1624ರಲ್ಲಿ ಕಟ್ಟತೊಡಗಿದ ಮುರಗಾಂವ್ ಕೋಟೆಯ ಉಳಿಕೆ ಆ ಕಡೆಗಿದೆ. ಉತ್ತರಕ್ಕೆ ಕೆಳಗೆ ಬಂದರು, ಅಲೆತಡೆ ಗೋಡೆ, ಆಚೆ ಜುವಾರಿಯ ಅಗಲವಾದ ಬಾಯಿ, ಅದರಾಚೆ ದೋನಾ ಪಾವ್ಲಾದ ಭೂಶಿರ. ನಾನು ಬರೆಯಬೇಕೆಂದು ಬಂದಿದ್ದುದು ಈ ನೋಟವನ್ನು. ಚಿಕ್ಕವಳಿದ್ದಾಗ ಇಲ್ಲಿಂದ ನೋಡಿದರೆ ಅದಿರು ತುಂಬಿದ ಬಾರ್ಜುಗಳು ಒಂದರ ಹಿಂದೊಂದು ಹೊಳೆಯಲ್ಲಿ ಬರುತ್ತಿದ್ದವು, ಬಂದರಿನ ಕಟ್ಟೆಯ ಮೇಲೆ ಕೆಂಪು ಗುಡ್ಡಗಳು ಇರುತ್ತಿದ್ದವು. 2012ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ತಡೆಹಿಡಿದ ಮೇಲೆ, 2018ರಲ್ಲಿ 88 ಗಣಿ ಗುತ್ತಿಗೆಗಳು ರದ್ದಾದ ಮೇಲೆ ಆ ಕೆಂಪು ಕಡಿಮೆಯಾಯಿತು. ಗಣಿಯಿಂದ ಹೊಲ ತೋಟಗಳಿಗೆ ಆದ ಹಾನಿ ಸಣ್ಣದಲ್ಲ, ನಿಂತದ್ದಕ್ಕೆ ಕಾರಣಗಳಿದ್ದವು. ಆದರೆ ನನ್ನ ಬಾಲ್ಯದ ಅನ್ನ ಆ ಕೆಂಪಿನಿಂದ ಬಂದದ್ದು. ಎರಡನ್ನೂ ಒಂದೇ ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಅದನ್ನು ಬರೆಯಬೇಕು.

ಬಂದರನ್ನು ಬರೆಯುವುದು ಚೆಲುವಲ್ಲದ್ದನ್ನು ಬರೆದಂತೆ ಎಂದು ಕೆಲವರು ನನಗೆ ಹೇಳಿದ್ದುಂಟು. ಫ್ರಾನ್ಸಿನ ಚಿತ್ರಕಾರ ಮೋನೆ 1872ರಲ್ಲಿ ಬರೆದ, ಇಂಪ್ರೆಷನಿಸಂ ಎಂಬ ಒಂದು ಇಡೀ ಚಿತ್ರಪಂಥಕ್ಕೆ ಹೆಸರು ಕೊಟ್ಟ ಆ ಬೆಳಗಿನ ಚಿತ್ರದಲ್ಲಿರುವುದು ಅವನು ಬೆಳೆದ ಊರಾದ ಲ ಆವ್ರ್‌ನ ಬಂದರೇ. ಅದರಲ್ಲಿ ಹಡಗುಕಂಬ, ಕ್ರೇನು, ಹೊಗೆ, ಮಂಜು ಎಲ್ಲ ಇವೆ. ಹುಟ್ಟೂರಿನ ಬೆಳಕು ಕ್ರೇನಿನ ಮೇಲೆ ಬೀಳುವುದಾದರೆ ಕ್ರೇನನ್ನೇ ಬರೆಯಬೇಕು.

ನನಗೆ ಬಾರದೆ ಹೋದದ್ದು ಕೆಂಪು. ಟ್ಯೂಬಿನ ಇಂಡಿಯನ್ ರೆಡ್ ಹಚ್ಚಿ ನೋಡಿದೆ, ಅದು ನೇರಳೆಯ ಕಡೆಗೆ ವಾಲಿತು. ಬರ್ನ್ಟ್ ಸಿಯೆನ್ನಾ ಕಿತ್ತಳೆಯ ಕಡೆಗೆ ಹೋಯಿತು. ಎರಡನ್ನೂ ಬೆರೆಸಿದರೆ ಇಟ್ಟಿಗೆಯಂತಾಯಿತು, ಅದಿರಿನಂತಾಗಲಿಲ್ಲ. ಮಧ್ಯಾಹ್ನದವರೆಗೆ ನಾಲ್ಕು ಹಾಳೆ ಹೋದವು. ಕಾಲ ಬಳಿ ಕೆಮ್ಮುರಕಲ್ಲಿನ ಚೂರುಗಳು ಮಳೆಗೆ ತೊಳೆದು ಬಿದ್ದಿದ್ದವು. ಒಂದನ್ನು ಒದ್ದೆ ಬೆರಳಿನಿಂದ ಉಜ್ಜಿ ಹಾಳೆಯ ಅಂಚಿಗೆ ಒರೆಸಿದೆ. ಅದೇ ಬಣ್ಣ! ಆಮೇಲೆ ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಟ್ಯೂಬಿನ ಮಣ್ಣುಬಣ್ಣಗಳಿಗೂ ಈ ಕಲ್ಲಿಗೂ ಹಡಗಿಗೆ ತುಂಬುತ್ತಿದ್ದ ಅದಿರಿಗೂ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡೇ. ನೀರಿನಂಶ ಕೂಡಿದರೆ ಅದು ಹಳದಿ, ಕಳೆದುಕೊಂಡರೆ ಕೆಂಪು. ಕಣದ ಗಾತ್ರ, ಬೆರೆತ ಜೇಡಿ ಇವು ಬೇರೆಯಾದಂತೆ ಬಣ್ಣವೂ ಬೇರೆಯಾಗುತ್ತದೆ.

ಆ ಕಲ್ಲಿನ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ಅಕ್ಕ ಮೊದಲು ಬೈದಳು, ಆಮೇಲೆ ತಾನೇ ಹಳೆಯ ಖಲಬತ್ತು ತೆಗೆದುಕೊಟ್ಟಳು. "ಅವ್ವ ಹುರಮಂಜು ತಯಾರ ಮಾಡ್ತಿದ್ಲಲ್ಲ, ಹಂಗ ಮಾಡು" ಎಂದಳು. ದಸರೆ ಬಂದರೆ ಅವ್ವ ಊರಿನಿಂದ ತಂದ ಹುರಮಂಜು ಎಂಬ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಆ ತಗಡಿನ ಗುಡಿಸಲಿನ ಹೊಸ್ತಿಲಿಗೂ ಹಚ್ಚುತ್ತಿದ್ದಳು. ಕಲ್ಲನ್ನು ಕುಟ್ಟಿ, ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ಕದಡಿದೆವು. ದಪ್ಪ ಕಣ ತಳಕ್ಕೆ ಕೂರಲು ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಮತ್ತೆ ಅದು ತಿಳಿಯಾಗುವವರೆಗೆ ಕಾದು, ತಳದಲ್ಲಿ ಉಳಿದ ನುಣ್ಣನೆಯ ಕೆಸರನ್ನು ತೆಗೆದೆವು. ಹಳದಿ ಚೂರುಗಳ ಪುಡಿಯನ್ನು ಅಕ್ಕ ಒಡೆದುಹೋದ ರೊಟ್ಟಿಯ ಹಂಚಿನ ಮೇಲೆ ದೊಡ್ಡ ಉರಿಯಲ್ಲಿ ಹುರಿದಳು. ನಮ್ಮ ಕಣ್ಣೆದುರೇ ಅದು ನಿಧಾನವಾಗಿ ಕೆಂಪಿಗೆ ತಿರುಗಿತು. ಜಾಲಿಯ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ, ಎರಡು ಹನಿ ಜೇನು ಸೇರಿಸಿ ಕಲಸಿದಾಗ ರಾತ್ರಿ ಹನ್ನೊಂದಾಗಿತ್ತು. ಅಡುಗೆಮನೆಯಲ್ಲಿ ಮೂವರ ಕೈಯೂ ಕೆಂಪು. ಅಕ್ಕ ತನ್ನ ಅಂಗೈ ನೋಡಿಕೊಂಡು, "ಅಪ್ಪನ ಬನೀನು ಎಷ್ಟು ತಿಕ್ಕಿದ್ರೂ ಈ ಬಣ್ಣ ಬಿಡ್ತಿರಲಿಲ್ಲ ನೋಡು" ಎಂದಳು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು.

ಆರನೆಯ ದಿನ

ಬೆಳಿಗ್ಗೆ ಒಬ್ಬಳೇ ಮತ್ತೆ ಸಡಾಕ್ಕೆ ಹೋದೆ. ಸಮಯ ಹೆಚ್ಚಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ರೈಲು. ಎಡಕ್ಕೆ ಸಮುದ್ರ ಇನ್ನೂ ಬೂದು, ಬಲಕ್ಕೆ ಜುವಾರಿಯ ಮೇಲೆ ಸೂರ್ಯ ಎದ್ದು ಹೊಳೆಯ ನೀರು ತವರದ ಹಾಗೆ ಬಿಳುಚಿಕೊಂಡಿತ್ತು. ಹಾಳೆಯನ್ನು ಪೂರ್ತಿ ಒದ್ದೆ ಮಾಡಿ ಮೊದಲು ಬೂದು ಬಿಟ್ಟೆ, ಭೂಶಿರವನ್ನು ಅದರೊಳಗೆ ಕರಗಲು ಬಿಟ್ಟೆ. ಬಂದರಿನ ಜಾಗಕ್ಕೆ ಬಂದಾಗ ನಮ್ಮ ಮನೆಯ ಕೆಂಪನ್ನು ತೆಗೆದುಕೊಂಡೆ. ಕೈಯಲ್ಲಿ ಅರೆದ ಬಣ್ಣದ ಕಣ ಒರಟು; ಅದು ಕಾಗದದ ಗುಳಿಗಳಲ್ಲಿ ಕಾಳುಕಾಳಾಗಿ ಕೂತಿತು, ಕಟ್ಟೆಯ ಮೇಲೆ ಅದಿರಿನ ದೂಳು ಕೂರುತ್ತಿದ್ದ ಹಾಗೆಯೇ. ಕಣ್ಣೆದುರಿಗೆ ಇದ್ದದ್ದು ಕಲ್ಲಿದ್ದಲಿನ ಕಪ್ಪು ರಾಶಿ, ಅದನ್ನೂ ಬರೆದೆ. ಅದರ ಪಕ್ಕದಲ್ಲಿ ಒಂದೇ ಒಂದು ಬಾರ್ಜು ಕೆಂಪು ಹೊತ್ತು ನಿಂತಿತ್ತು. ಅಲೆತಡೆ ಗೋಡೆಗೆ ಹಾಳೆಯ ಬಿಳುಪಿನ ಒಂದು ಗೆರೆ ಬಿಟ್ಟೆ. ಒಟ್ಟು ನಲವತ್ತು ನಿಮಿಷದ ಕೆಲಸ. ಒಂದು ಕಡೆ ಬಣ್ಣ ತೀರ ಗಾಢವಾಯಿತೇನೋ ಎಂದು ಅಳುಕಾಯಿತು, ಒರೆಸಲು ಹೋಗಲಿಲ್ಲ.

ನಿಲ್ದಾಣದಲ್ಲಿ ಅಕ್ಕ ಬಟ್ಟೆಯಲ್ಲಿ ಸುತ್ತಿದ ಇಪ್ಪತ್ತು ಕಟಕರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಜೊತೆಗೆ ಉಳಿದ ಕೆಂಪಿನ ಚಿಕ್ಕ ಭರಣಿ ಕೊಟ್ಟಳು. ಒದ್ದೆ ಹಾಳೆಯನ್ನು ಮಡಿಸುವಂತಿರಲಿಲ್ಲವಾದ್ದರಿಂದ ಹಲಗೆಗೆ ಅಂಟಿಸಿದಂತೆಯೇ ಮಡಿಲಲ್ಲಿಟ್ಟುಕೊಂಡು ಕುಳಿತೆ. ಕುಳೆ ದಾಟಿ ಘಟ್ಟ ಏರುವಾಗಲೂ ಅದು ಒಣಗಿರಲಿಲ್ಲ. ಲೋಂಡಾ ಕಳೆದ ಮೇಲೆ ಕಿಟಕಿಯಿಂದ ಒಣಗಾಳಿ ಬರತೊಡಗಿತು. ಜಲವರ್ಣ ಒಣಗಿದಾಗ ಒಂದು ಪಾಲು ಬಣ್ಣ ಕಳೆದುಕೊಳ್ಳುತ್ತದೆ. ಮಕ್ಕಳಿಗೆ ಅದನ್ನು ಲೆಕ್ಕ ಹಿಡಿದೇ ಬಣ್ಣ ಹಚ್ಚಿ ಎಂದು ಹೇಳಿಕೊಡುವವಳು ನಾನೇ. ಅಳ್ನಾವರದ ಹತ್ತಿರ ಹಾಳೆ ಹಲಗೆಯ ಮೇಲೆ ಬಿಗಿಯಾಗಿ ಎಳೆದುಕೊಂಡಿತು. ಗಾಢವಾಯಿತೆಂದು ನಾನು ಅಳುಕಿದ ಕೆಂಪು ತಿಳಿಯಾಗಿ, ಹಲವು ಸಲ ಒಗೆದು ಹಗ್ಗದ ಮೇಲೆ ಹಾಕಿದ ಅಪ್ಪನ ಬನೀನಿನ ಬಣ್ಣಕ್ಕೆ ಬಂದು ನಿಂತಿತ್ತು. ಪೆನ್ಸಿಲ್ ತೆಗೆದು ಹಾಳೆಯ ಅಂಚಿನಲ್ಲಿ ಊರು, ದಿನ, ಬೆಳಗಿನ ವೇಳೆ ಬರೆದೆ.